ಮೊದಲ ಟ್ರಯಥ್ಲಾನ್‌ಗೆ ಕಡಿಮೆ ಬೆಲೆಯ ವೆಟ್‌ಸೂಟ್: ಯಾವುದು ತಗೊಳ್ಳಲಿ?

ಗೋಣಿಕೊಪ್ಪದ ಓಟಗಾರ್ತಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ, ಬರೆಯೋದು ಕಮ್ಮಿ. ಬರೋ ಜುಲೈಗೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿರೋ ಅಕ್ಕನ ಮನೆಗೆ ಹೋಗ್ತಿದ್ದೀನಿ. ಅದೇ ಹೊತ್ತಿಗೆ ಅಲ್ಲಿ ಟ್ರಯಥ್ಲಾನ್ ಇದೆ. ಭಾವ ಸುಮ್ಮನಿರೋದು ಬಿಟ್ಟು ತಮ್ಮ ಹೆಸರಿನ ಜೊತೆ ನನ್ನ ಹೆಸರೂ ಕೊಟ್ಟುಬಿಟ್ಟಿದ್ದಾರೆ. ಒಲಿಂಪಿಕ್ ದೂರ. 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ.

ಓಟದ ಚಿಂತೆ ಇಲ್ಲ. ನಮ್ಮೂರಿನ ಏರು ತುಳಿದವಳಿಗೆ ಅಲ್ಲಿನ ಮಟ್ಟಸ ರಸ್ತೆ ಸೈಕಲ್‌ಗೂ ಪರವಾಗಿಲ್ಲ ಅಂತ ಧೈರ್ಯ. ಭಯ ಇರೋದು ಈಜಿಂದೇ. ಮೈಸೂರಿಗೆ ಹೋದಾಗಲೆಲ್ಲ ಕೊಳದಲ್ಲಿ ಫ್ರೀಸ್ಟೈಲ್ ಅಭ್ಯಾಸ ಮಾಡ್ತೀನಿ. ಒಂದು ಕಿಲೋಮೀಟರ್ ನಿಧಾನಕ್ಕೆ ಮುಗಿಸಬಲ್ಲೆ, ಆದರೆ ಕಾಲು ಮುಳುಗುತ್ತೆ. ಅಲ್ಲಿ ಈಜೋದು ಊರ ಮಧ್ಯದ ಆಲ್ಸ್ಟರ್ ಸರೋವರದಲ್ಲಿ. ನೀರು ತಣ್ಣಗಿರುತ್ತೆ, ವೆಟ್‌ಸೂಟ್ (ತಣ್ಣೀರಲ್ಲಿ ಮೈ ಬೆಚ್ಚಗಿಡೋ ರಬ್ಬರ್ ಉಡುಪು) ತಗೋ ಅಂತ ಭಾವ ಹೇಳ್ತಾರೆ. ಆನ್‌ಲೈನ್‌ನಲ್ಲಿ 6,000 ರೂಪಾಯಿಗೆ 3 ಮಿ.ಮೀ. ಡೈವಿಂಗ್ ಸೂಟ್ ಕಾಣ್ತು. ಟ್ರಯಥ್ಲಾನ್‌ಗೆ ಅಂತಲೇ ಮಾಡಿದ್ದು ನೋಡಿದರೆ ಬೆಲೆ ಮೂರು ಪಟ್ಟು. ನನ್ನ ಕೈಲಿರೋದು 15,000, ತೀರಾ ಅಂದರೆ 18,000. 6,000ದ್ದು ಸಾಕಾಗಲ್ವಾ?

ದುಬಾರೆ ಹುಟ್ಟು

ಸಾಕಾಗಲ್ಲ. ನಾವು ರಾಫ್ಟಿಂಗ್‌ನವರು ಆ ಥರದ್ದು ಹಾಕ್ತೀವಿ. ಬೆಚ್ಚಗಿರುತ್ತೆ, ಬಂಡೆಗೆ ಉಜ್ಜಿದರೂ ತಡೆಯುತ್ತೆ. ಕೈ ಎತ್ತಿ ಎತ್ತಿ ಈಜಬೇಕು ಅಂದಾಗ ಮಾತ್ರ ಗೊತ್ತಾಗೋದು. ಹತ್ತು ನಿಮಿಷಕ್ಕೆ ಭುಜ ಬಿದ್ದುಹೋಗುತ್ತೆ.

ಸರಸ್ವತಿಪುರಂ ಲೇನ್ 4

ಮೇಲಿನವರು ಹೇಳಿದ್ದು ಸರಿ, ಕಾರಣ ಬಿಡಿಸಿ ಹೇಳ್ತೀನಿ.

ಎರಡೂ ನಿಯೋಪ್ರೀನೇ, ಅಂದರೆ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿರೋ ರಬ್ಬರ್. ಆ ಗುಳ್ಳೆಗಳೇ ಬೆಚ್ಚಗಿಡೋದು, ಅವೇ ತೇಲಿಸೋದು. ಡೈವಿಂಗ್ ಸೂಟ್‌ಗೆ ಹೊರಗಡೆ ನೈಲಾನ್ ಬಟ್ಟೆ ಅಂಟಿಸಿರ್ತಾರೆ, ಹರಿಯಬಾರದು ಅಂತ. ಆ ಬಟ್ಟೆ ನೀರನ್ನ ಹಿಡಿದು ಎಳೆಯುತ್ತೆ, ರಬ್ಬರ್ ಹಿಗ್ಗೋದಕ್ಕೂ ಅಡ್ಡ ಬರುತ್ತೆ. ಮೈಯೆಲ್ಲ ಹೆಚ್ಚುಕಮ್ಮಿ ಒಂದೇ ದಪ್ಪ. ಟ್ರಯಥ್ಲಾನ್ ಸೂಟ್‌ನಲ್ಲಿ ಹೊರಮೈ ನುಣುಪಾದ ರಬ್ಬರ್, ಮೇಲೆ ನೀರು ಜಾರೋ ಲೇಪ. ಭುಜ, ಕಂಕುಳ ಹತ್ತಿರ 1.5ರಿಂದ 2 ಮಿ.ಮೀ., ಎದೆ, ತೊಡೆ ಕಡೆ 4ರಿಂದ 5 ಮಿ.ಮೀ. ಕೈ ಬೀಸೋದಕ್ಕೆ ಸಲೀಸು, ಮುಳುಗೋ ಸೊಂಟ, ಕಾಲಿಗೆ ಆಸರೆ. ನಿಮ್ಮ ದೂರು ಕಾಲು ಮುಳುಗೋದು ತಾನೆ? ಸೂಟ್‌ನಿಂದ ಹೆಚ್ಚು ಲಾಭ ಆಗೋದು ನಿಮ್ಮಂಥವರಿಗೇ. ಚೆನ್ನಾಗಿ ಈಜೋರ ದೇಹ ಮೊದಲೇ ಮಟ್ಟಸವಾಗಿ ತೇಲ್ತಿರುತ್ತೆ, ಅವರಿಗೆ ಸಿಗೋ ಲಾಭ ಕಡಿಮೆ. 5 ಮಿ.ಮೀ.ಗಿಂತ ದಪ್ಪ ಇರೋ ಸೂಟ್‌ಗೆ ಸ್ಪರ್ಧೆಯಲ್ಲಿ ಅವಕಾಶವೂ ಇಲ್ಲ.

ಆದರೆ ದುಡ್ಡು ಹಾಕೋ ಮುಂಚೆ ಒಂದು ವಿಷಯ. ವೆಟ್‌ಸೂಟ್ ಹಾಕಬಹುದೋ ಬೇಡವೋ ಅನ್ನೋದು ನಿಮ್ಮ ಕೈಲಿಲ್ಲ, ಆ ದಿನದ ನೀರಿನ ಕೈಲಿದೆ. ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ಟ್ರಯಥ್ಲಾನ್‌ನ ನಿಯಮದಲ್ಲಿ ನಮ್ಮಂಥ ಹವ್ಯಾಸಿಗಳಿಗೆ 1,500 ಮೀಟರ್‌ವರೆಗಿನ ಈಜಲ್ಲಿ ನೀರು 22 ಡಿಗ್ರಿ ದಾಟಿತು ಅಂದರೆ ಸೂಟ್ ನಿಷಿದ್ಧ. ಐರನ್‌ಮ್ಯಾನ್ ಅಂತ ಇನ್ನೂ ಉದ್ದದ ಟ್ರಯಥ್ಲಾನ್‌ಗಳಿವೆ, ಅಲ್ಲಿ ಈ ಗೆರೆ 24.5 ಡಿಗ್ರಿ. ಜುಲೈನಲ್ಲಿ ಬಿಸಿಲು ಜೋರಾದರೆ ಆಲ್ಸ್ಟರ್‌ನಂಥ ಊರೊಳಗಿನ ನೀರು 22ರ ಆಚೆ ಈಚೆ ಎಲ್ಲಿ ಬೇಕಾದರೂ ನಿಲ್ಲಬಹುದು. 18,000 ಕೊಟ್ಟು ತಗೊಂಡು ಹೋಗ್ತೀರಿ, ಬೆಳಿಗ್ಗೆ ಮೈಕಲ್ಲಿ "ಇವತ್ತು ವೆಟ್‌ಸೂಟ್ ಇಲ್ಲ" ಅಂತಾರೆ. ಅದಕ್ಕೂ ತಯಾರಿರಬೇಕು. ಆಯೋಜಕರ ಪುಟದಲ್ಲಿ ನಿಯಮ ಇರುತ್ತೆ, ಭಾವನಿಂದ ಓದಿಸಿ.

ಸಂಪಾಜೆ ಘಾಟಿ

ಅಲ್ಲ ಮಾರಾಯ್ರೆ, 2019ರಿಂದ ಗೋವಾದಲ್ಲಿ ಐರನ್‌ಮ್ಯಾನ್ 70.3, ಅಂದರೆ ಅರ್ಧ ಐರನ್‌ಮ್ಯಾನ್, ನಡೀತಾ ಇದೆಯಲ್ಲ, ಅಲ್ಲಿಗೆ ಹೋದ ನಮ್ಮ ಪೈಕಿ ಯಾರೂ ವೆಟ್‌ಸೂಟ್ ಹಾಕಿದ್ದು ನಾನು ಕಾಣೆ.

ಸರಸ್ವತಿಪುರಂ ಲೇನ್ 4

ಗೋವಾದ ಸಮುದ್ರ ಬೆಚ್ಚಗಿರುತ್ತೆ ಅಣ್ಣ, 24.5ರ ಹತ್ತಿರಕ್ಕೂ ಇಳಿಯಲ್ಲ. ಉಪ್ಪುನೀರು ಬೇರೆ, ತಾನಾಗಿ ತೇಲಿಸುತ್ತೆ. ಗೋವಾಕ್ಕೆ ಹೋಗೋರು ವೆಟ್‌ಸೂಟ್ ವಿಚಾರಾನೇ ಬಿಟ್ಟುಬಿಡಿ. ಹ್ಯಾಂಬರ್ಗ್‌ನದು ಸಿಹಿನೀರು.

ಹಳೇ ಸೆಂಟರ್ ಫಾರ್ವರ್ಡ್

ನನ್ನದೊಂದು ತಕರಾರು ಇದೆ. ಈಜು ಬರಬೇಕು ಅಂದರೆ ಈಜು ಕಲೀಬೇಕು. ರಬ್ಬರ್ ಅಂಗಿ ಹಾಕ್ಕೊಂಡು ತೇಲೋದು ಎಂಥ ಆಟ? ನಾವು ಕೊಡವ ಕುಟುಂಬ ತಂಡಗಳ ಹಾಕಿಗೆ ಹೋಗುವಾಗ ಕಾಲಿಗೆ ಸರಿಯಾದ ಶೂ ಇರ್ತಿರಲಿಲ್ಲ, 1997ರಲ್ಲಿ ಕರಡದಲ್ಲಿ ಮೊದಲ ಕೊಡವ ಹಾಕಿ ಉತ್ಸವ ಆದಾಗ ನೋಡಬೇಕಿತ್ತು. ಈಗಿನೋರಿಗೆ ಆಟಕ್ಕಿಂತ ಸಾಮಾನು ಜಾಸ್ತಿ. 15,000ಕ್ಕೆ ಮೈಸೂರಲ್ಲಿ ಒಳ್ಳೆ ಕೋಚ್ ಹತ್ತಿರ ಮೂರು ತಿಂಗಳು ಕಲಿ ಮಗಳೇ.

ನಾಪೋಕ್ಲು ಪೆಡಲ್

ಮಾವ, ಶೂ ವಿಷಯ ಪ್ರತಿ ಸಲ ಬರುತ್ತೆ 😄

ಸರಸ್ವತಿಪುರಂ ಲೇನ್ 4

ಹಿರಿಯರ ಮಾತಲ್ಲಿ ಅರ್ಧ ಒಪ್ತೀನಿ. ಕೋಚ್ ಹತ್ತಿರ ಹೋಗೋದು ಯಾವ ಸೂಟ್‌ಗಿಂತಲೂ ಒಳ್ಳೆ ಖರ್ಚು. ಇನ್ನರ್ಧ ಒಪ್ಪಲ್ಲ. ನೀರು ದೇಹದ ಬಿಸಿಯನ್ನ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಎಳೆಯುತ್ತೆ. ನಮ್ಮ ಹುಡುಗಿ ನಿಧಾನಕ್ಕೆ ಈಜೋಳು, ನೀರೊಳಗೆ ಮುಕ್ಕಾಲು ಗಂಟೆ ಇರಬೇಕಾಗಬಹುದು. 17, 18 ಡಿಗ್ರಿ ನೀರಿಗೆ ದಿಢೀರ್ ಅಂತ ಇಳಿದಾಗ ಉಸಿರು ಕಟ್ಟುತ್ತೆ, ಎದೆ ಹಿಡಿದಂಗಾಗುತ್ತೆ. ನೂರಾರು ಜನರ ಮಧ್ಯೆ ಹಾಗಾದರೆ ಎಂಥ ಈಜುಗಾರನೂ ತಬ್ಬಿಬ್ಬಾಗ್ತಾನೆ. ನೀರು 16 ಡಿಗ್ರಿಗಿಂತ ಕೆಳಗಿದ್ದರೆ ವೆಟ್‌ಸೂಟ್ ಕಡ್ಡಾಯ ಅಂತಲೇ ನಿಯಮ ಇದೆ. ಸುಮ್ಮನೆ ಮಾಡಿದ್ದಲ್ಲ ಅದನ್ನ.

ಗೋಣಿಕೊಪ್ಪದ ಓಟಗಾರ್ತಿ

ತುಂಬಾ ಉಪಕಾರ ಆಯ್ತು. ಡೈವಿಂಗ್ ಸೂಟ್ ಬಿಟ್ಟೆ. ಮಾವ, ಕೋಚ್ ವಿಷಯ ತಲೇಲಿಟ್ಕೋತೀನಿ, ಆದರೆ ಕಾಫಿ ಕೊಯ್ಲು ಮುಗಿಯೋವರೆಗೂ ಮನೆ ಬಿಟ್ಟು ಅಲ್ಲಾಡೋ ಹಾಗಿಲ್ಲ. ಈಗ ಪ್ರಶ್ನೆ, 18,000ದೊಳಗೆ ಟ್ರಯಥ್ಲಾನ್ ಸೂಟೇ ಸಿಗುತ್ತಾ?

ಬ್ರಿಸ್ಟಲ್‌ನಿಂದ ಮಡಿಕೇರಿಯವನು

ಸಿಗುತ್ತೆ, ಇಂಡಿಯಾದಲ್ಲಿ ಹುಡುಕಬೇಡಿ ಅಷ್ಟೆ. ಅಲ್ಲಿ ಅಂಗಡೀಲಿ ಕೈಗೆ ಸಿಗೋದು ಹೆಚ್ಚಾಗಿ ಸರ್ಫಿಂಗ್, ಸ್ನಾರ್ಕ್ಲಿಂಗ್ ಸೂಟ್. ಹೊರಗಿಂದ ತರಿಸಿದರೆ ಸೂಟ್ ಬೆಲೆ ಮೇಲೆ ಕೊರಿಯರ್, ಕಸ್ಟಮ್ಸ್ ಸುಂಕ, ತೆರಿಗೆ ಎಲ್ಲ ಕೂಡುತ್ತೆ. ಅಳತೆ ಸರಿಬರದೆ ವಾಪಸ್ ಕಳಿಸಬೇಕು ಅಂದರೆ ಕಥೆ ಮುಗೀತು.

ಈ ಕಡೆ ಓರ್ಕಾ, ಝೋನ್3, ಬ್ಲೂಸೆವೆಂಟಿ, ಹೂಬ್, ಸೇಲ್‌ಫಿಶ್ ಎಲ್ಲ ಕಂಪನಿಗಳೂ ಶುರುವಾತಿನವರಿಗೆ ಅಂತ ಒಂದು ಸೂಟ್ ಮಾಡ್ತಾರೆ. ಬ್ರಿಟನ್ನಿನಲ್ಲಿ ಅವು ಸಾಧಾರಣವಾಗಿ 100ರಿಂದ 200 ಪೌಂಡ್ ಒಳಗೆ. ಹಳೇ ವರ್ಷದ ಮಾಡೆಲ್ ಆದರೆ ಸೀಸನ್ ಮುಗಿಯುವಾಗ ಇನ್ನೂ ಇಳಿಯುತ್ತೆ. ಈಗ ಡಿಸೆಂಬರ್, ಯುರೋಪಿನಲ್ಲಿ ಯಾರೂ ಹೊರಗೆ ಈಜಲ್ಲ, ತಗೊಳ್ಳೋಕೆ ಇದೇ ಹೊತ್ತು. ಏಪ್ರಿಲ್ ಬಂದರೆ ಬೆಲೆ ಮತ್ತೆ ಏರುತ್ತೆ. ಬಾಡಿಗೆಗೆ ಕೊಟ್ಟು ವಾಪಸ್ ಬಂದ ಸೂಟ್‌ಗಳನ್ನೂ ಮಾರ್ತಾರೆ. ಅವು ಇನ್ನೂ ಅಗ್ಗ.

ದುಬಾರಿ ಸೂಟ್‌ಗೂ ಅಗ್ಗದ್ದಕ್ಕೂ ಏನು ವ್ಯತ್ಯಾಸ ಅಂದರೆ ರಬ್ಬರ್‌ನ ದರ್ಜೆ. ಜಪಾನಿನ ಯಮಮೊಟೊ ಕಂಪನಿಯ 39, 40 ನಂಬರಿನ ನಿಯೋಪ್ರೀನ್ ಅಂತ ಜಾಹೀರಾತಲ್ಲಿ ನೋಡಿರ್ತೀರಿ. ನಂಬರ್ ಏರಿದ ಹಾಗೆ ಮೆತ್ತಗೆ, ಹಿಗ್ಗೋದು ಜಾಸ್ತಿ, ಉಗುರು ತಾಗಿದರೆ ಹರಿಯೋದೂ ಜಾಸ್ತಿ. ಕಲಿಯೋರಿಗೆ ಅಗ್ಗದ್ದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಸ್ವಲ್ಪ ದಪ್ಪ ರಬ್ಬರ್, ಒರಟಾಗಿ ಎಳೆದರೂ ತಾಳಿಕೊಳ್ಳುತ್ತೆ.

ನಾಪೋಕ್ಲು ಪೆಡಲ್

ಅಕ್ಕ ಅಲ್ಲೇ ಇರುವಾಗ ಬಾಡಿಗೆ ತಗೊಂಡರೆ ಆಗಲ್ವಾ? ಒಂದು ದಿನದ ಆಟಕ್ಕೆ ಖರೀದಿ ಯಾಕೆ?

ಬ್ರಿಸ್ಟಲ್‌ನಿಂದ ಮಡಿಕೇರಿಯವನು

ಆಗುತ್ತೆ. ನೀರಿನ ಗ್ಯಾರಂಟಿ ಇಲ್ಲದಿರುವಾಗ ಬಾಡಿಗೇನೇ ಜಾಣತನ. ಒಂದೇ ಒಂದು ಷರತ್ತು, ಸ್ಪರ್ಧೆಯ ದಿನ ಮೊದಲ ಸಲ ಹಾಕೋ ಹಾಗಿರಬಾರದು. ಎದೆ, ಕತ್ತು ಬಿಗಿಯಾಗಿರುತ್ತೆ, ಅಭ್ಯಾಸ ಇಲ್ಲದೋರಿಗೆ ಉಸಿರು ಸಾಲದು ಅನ್ನಿಸುತ್ತೆ. ಒಂದು ವಾರ ಮುಂಚೆ ಹೋಗಿ ಅಲ್ಲೇ ನಾಲ್ಕಾರು ಸಲ ಈಜೋದಾದರೆ ಬಾಡಿಗೆ ಸಾಕು. ಸ್ಪರ್ಧೆಯ ಹಿಂದಿನ ದಿನ ಇಳಿಯೋದಾದರೆ ಬೇಡ.

ಗೋಣಿಕೊಪ್ಪದ ಓಟಗಾರ್ತಿ

ಟಿಕೆಟ್ ಆಗಲೇ ಆಗಿದೆ ಅಣ್ಣ, ಸ್ಪರ್ಧೆಗೆ ಮೂರು ದಿನ ಮುಂಚೆ ಇಳೀತೀನಿ. ಅಕ್ಕ ಜನವರಿಯಲ್ಲಿ ಒಂದು ಮದುವೆಗೆ ಊರಿಗೆ ಬರ್ತಾಳೆ, ಅವಳ ಸೂಟ್‌ಕೇಸಿನಲ್ಲಿ ತರಿಸಬಹುದು. ಆದರೆ ಹಾಕಿ ನೋಡದೆ ಅಳತೆ ಹೇಗೆ ಹೇಳಲಿ? ಎತ್ತರ 161 ಸೆಂ.ಮೀ., ತೂಕ 62 ಕೆ.ಜಿ. ಒಂದು ಕಂಪನಿ ಚಾರ್ಟ್‌ನಲ್ಲಿ ಎಸ್ ಅಂತಿದೆ, ಇನ್ನೊಂದರಲ್ಲಿ ಎಂ.

ಪೊನ್ನಂಪೇಟೆ ಅಕ್ಕ

ಇಷ್ಟು ಹೊತ್ತು ಗಂಡಸರು ಮಾತಾಡಿದ್ದಾಯ್ತು, ಈಗ ನಾನು ಹೇಳ್ತೀನಿ ಕೇಳು ತಂಗಿ.

ಹೆಂಗಸರ ಸೂಟೇ ತಗೋ. ಗಂಡಸರ ಸೂಟ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡರೆ ಎದೆ ಹಿಡಿಯುತ್ತೆ, ಸೊಂಟದ ಹತ್ತಿರ ಜೋಲುತ್ತೆ. ಆ ಜೋಲೊಳಗೆ ನೀರು ತುಂಬಿತು ಅಂದರೆ ಬಕೆಟ್ ಕಟ್ಟಿಕೊಂಡು ಈಜಿದ ಹಾಗೆ.

ಎರಡು ಅಳತೆಯ ನಡುವೆ ಸಿಕ್ಕಿಹಾಕಿಕೊಂಡರೆ ತೂಕ, ಎದೆ ಸುತ್ತಳತೆ ನೋಡು, ಎತ್ತರ ಬಿಡು. ಕಾಲು ಎರಡು ಇಂಚು ಗಿಡ್ಡ ಆದರೆ ಏನೂ ನಷ್ಟ ಇಲ್ಲ, ಬಿಚ್ಚೋದಕ್ಕೆ ಸಲೀಸು. ಹಿಮ್ಮಡಿಯಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಬೇಕಂತಲೇ ಕಾಲಿನ ತುದಿ ಕತ್ತರಿಸೋರೂ ಇದ್ದಾರೆ. ಕತ್ತು, ಕಂಕುಳು, ಬೆನ್ನಿನ ಕೆಳಭಾಗ, ಈ ಮೂರು ಕಡೆ ಮಾತ್ರ ಸಡಿಲ ಇರಬಾರದು. ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡು. ಸೊಂಟದ ಮೇಲೆ ಬೆನ್ನು ಒಳಗೆ ಬಾಗಿರುತ್ತಲ್ಲ, ಅಲ್ಲಿ ರಬ್ಬರ್ ಮೈಗೆ ಅಂಟದೆ ಮಡಿಕೆ ಬಿದ್ದಿದ್ದರೆ ಒಂದು ಸೈಜ್ ಇಳಿಸು. ಕೈ ಪೂರ್ತಿ ಮೇಲೆತ್ತಿದಾಗ ತೊಡೆಸಂದಿಯಿಂದ ಎಳೆದ ಹಾಗಾದರೆ ಸೂಟ್ ಚಿಕ್ಕದು ಅಂತ ಗಡಿಬಿಡಿ ಮಾಡಬೇಡ. ನೂರಕ್ಕೆ ತೊಂಬತ್ತು ಸಲ ಕಾಲಿಂದ ಸರಿಯಾಗಿ ಮೇಲೆಳೆದಿರಲ್ಲ, ಅಷ್ಟೆ.

ಹಾಕೋ ವಿಧಾನವೂ ಹೇಳಿಬಿಡ್ತೀನಿ. ಉಗುರು ಕತ್ತರಿಸಿಕೋ, ಉಂಗುರ ಬಿಚ್ಚಿಡು. ಪಾದಕ್ಕೆ ಬ್ರೆಡ್ ಕವರ್ ಸುತ್ತಿ ತೂರಿಸು, ಸರ್ ಅಂತ ಜಾರುತ್ತೆ. ಕಣಕಾಲು ದಾಟಿದ ಮೇಲೆ ಕವರ್ ತೆಗೆ. ಆಮೇಲೆ ಬೆರಳ ತುದಿಯಲ್ಲಿ ಚಿವುಟಿ ಎಳೀಬೇಡ. ಬೆರಳಿನ ಮೆತ್ತನೆ ಭಾಗದಲ್ಲಿ ಒಂದು ಹಿಡಿ ರಬ್ಬರ್ ಹಿಡಿದು, ಮೊಣಕಾಲು, ತೊಡೆ, ಸೊಂಟ ಅಂತ ಇಷ್ಟಿಷ್ಟೇ ಮೇಲಕ್ಕೆ ತಳ್ಳಿಕೊಂಡು ಬಾ. ತೊಡೆಸಂದಿಯಲ್ಲಿ ಜಾಗ ಉಳಿದಿದ್ದರೆ ಕೈ ತೂರಿಸೋಕೆ ಹೋಗಬೇಡ, ಮೊದಲು ಅದನ್ನ ಸರಿಮಾಡು. ಭುಜದ ಹತ್ತಿರವೂ ಅದೇ ಕೆಲಸ. ತೋಳಿನ ಕಡೆಯಿಂದ ರಬ್ಬರನ್ನ ಭುಜದ ಮೇಲಕ್ಕೆ ತರಬೇಕು, ಅಲ್ಲಿ ಸ್ವಲ್ಪ ಸಡಿಲ ಸೇರಿದರೆ ಕೈ ಹಗುರ. ಬೆನ್ನ ಹಿಂದಿನ ಜಿಪ್‌ಗೆ ಉದ್ದ ದಾರ ಇರುತ್ತೆ. ಮೊದಲ ಸಲ ಎಲ್ಲ ಸೇರಿ ಹದಿನೈದು ನಿಮಿಷ ಹಿಡಿದರೂ ಬೇಜಾರಾಗಬೇಡ.

ಸಂಪಾಜೆ ಘಾಟಿ

ಕತ್ತಿಗೆ ತೆಂಗಿನೆಣ್ಣೆ ಹಚ್ಚಿದರೆ ಉಜ್ಜಲ್ವಲ್ಲ?

ಪೊನ್ನಂಪೇಟೆ ಅಕ್ಕ

ಎಣ್ಣೆ ಬೇಡಪ್ಪ. ಪೆಟ್ರೋಲಿಯಂ ಜೆಲ್ಲಿಯಂತೂ ಹಚ್ಚಲೇಬೇಡಿ ಅಂತ ಸೂಟ್ ಮಾಡೋರೇ ಹೇಳ್ತಾರೆ, ರಬ್ಬರ್ ಹಾಳಾಗುತ್ತೆ. ವೆಟ್‌ಸೂಟ್‌ಗೆ ಅಂತಲೇ ಕಡ್ಡಿ ಥರದ ಲೂಬ್ರಿಕೆಂಟ್ ಬರುತ್ತೆ, ಕತ್ತಿನ ಹಿಂಭಾಗಕ್ಕೆ, ಕಣಕಾಲಿಗೆ ಹಚ್ಚಿಕೊಂಡರೆ ಆಯ್ತು. ಹಚ್ಚದೆ ಈಜಿದರೆ ಕತ್ತು ಕೆಂಪಗೆ ಸುಲಿದು ಬರುತ್ತೆ.

ದುಬಾರೆ ಹುಟ್ಟು

ತೋಳಿಲ್ಲದ ಸೂಟ್ ಯಾರೂ ಹೇಳಲೇ ಇಲ್ಲವಲ್ಲ.

ಸರಸ್ವತಿಪುರಂ ಲೇನ್ 4

ಒಳ್ಳೇದು ನೆನಪಿಸಿದಿರಿ. ತೋಳಿಲ್ಲದ್ದು ಅಗ್ಗ, ಭುಜಕ್ಕೆ ತಡೆ ಇಲ್ಲ, ಹಾಕೋದು ಬಿಚ್ಚೋದು ಬೇಗ. ಕಾಲಿಗೆ ಸಿಗೋ ಆಸರೆ ಹಾಗೇ ಇರುತ್ತೆ. ಕಂಕುಳಿಂದ ಒಂಚೂರು ನೀರು ಒಳಗೆ ಬರುತ್ತೆ, ಬೆಚ್ಚಗೆ ಕಮ್ಮಿ. ನೀರು 19, 20 ಡಿಗ್ರಿಯ ಮೇಲಿದ್ದರೆ ನನ್ನ ಆಯ್ಕೆ ಅದೇ. ಹ್ಯಾಂಬರ್ಗ್ ಜುಲೈಗೆ ಸರಿಹೊಂದುತ್ತೆ. ಚಳಿ ತಡೆಯೋ ಶಕ್ತಿ ಕಮ್ಮಿ ಇರೋರು, ಮುಂದೆ ಇನ್ನೂ ತಣ್ಣನೆ ಕಡೆ ಹೋಗೋ ಯೋಚನೆ ಇರೋರು ಪೂರ್ತಿ ತೋಳಿನದ್ದೇ ತಗೊಳ್ಳಿ.

ಮತ್ತೆ, ಸೂಟ್‌ನ ಒಳಗೆ ಏನು ಹಾಕ್ತೀರಿ? ಟ್ರೈಸೂಟ್ ಇದೆಯಾ? ಈಜು, ಸೈಕಲ್, ಓಟ ಮೂರಕ್ಕೂ ಅದೇ ಬಟ್ಟೆ, ವೆಟ್‌ಸೂಟ್ ನಿಷೇಧ ಆದರೆ ಅದರಲ್ಲೇ ಈಜೋದು. ಇಲ್ಲದಿದ್ದರೆ ಮೊದಲ ದುಡ್ಡು ಅದಕ್ಕೆ ಹಾಕಿ, ಮುಖಕ್ಕೆ ಸರಿಕೂರೋ ಗಾಗಲ್‌ಗೆ ಹಾಕಿ. ಉಳಿದದ್ದು ವೆಟ್‌ಸೂಟ್‌ಗೆ. ಟ್ರೈಸೂಟ್ ಇಲ್ಲಿನ ಪ್ರತಿ ಸ್ಪರ್ಧೆಗೂ ಬೇಕು, ಗೋವಾಕ್ಕೂ ಬೇಕು. ವೆಟ್‌ಸೂಟ್ ವರ್ಷಕ್ಕೊಂದು ಸಲ ಹೊರಗೆ ಬಂದರೆ ಹೆಚ್ಚು.

ಗೋಣಿಕೊಪ್ಪದ ಓಟಗಾರ್ತಿ

ಟ್ರೈಸೂಟ್ ಇಲ್ಲ! ಲೆಕ್ಕ ಮತ್ತೆ ಶುರು ಮಾಡಬೇಕು. ಇನ್ನೊಂದು ಪ್ರಶ್ನೆ, ಸೂಟ್ ಬಂದ ಮೇಲೆ ಎಲ್ಲಿ ಹಾಕಿ ಈಜಲಿ? ಮೈಸೂರಿನ ಕೊಳದಲ್ಲಾ, ಹಾರಂಗಿ ಜಲಾಶಯದಲ್ಲಾ?

ಕೂಡಿಗೆ ಕಾಲುವೆ

ಹಾರಂಗಿ, ಚಿಕ್ಲಿಹೊಳೆ ಎರಡರಲ್ಲೂ ಅನುಮತಿ ಇಲ್ಲದೆ ಇಳಿಯೋ ಯೋಚನೆ ಬಿಡಿ. ಕಾವೇರಿ ಹೊಳೆಯಂತೂ ಬೇಡವೇ ಬೇಡ, ಮೇಲಿಂದ ಸಮ ಕಂಡರೂ ಒಳಗೆ ಸುಳಿ, ಬಂಡೆ. ಮೊಸಳೆ ವಿಷಯ ದುಬಾರೆ ಕಡೆಯವರು ಹೇಳಲಿ.

ದುಬಾರೆ ಹುಟ್ಟು

ಇವೆ. ಹೊಳೆಗೆ ಇಳಿಯಬೇಡಿ.

ಸಿದ್ದಾಪುರದ ರೊಬಸ್ಟಾ

ತೋಟದ ಕೆರೆ ಇಲ್ವಾ ನಿಮ್ಮಲ್ಲಿ? ನಮ್ಮ ಕೆರೆ ಉದ್ದಕ್ಕೆ ಒಂದು ಸುತ್ತು ಹೊಡೆದರೆ ಮೈಸೂರಿನ ಕೊಳ ಎಷ್ಟೋ ಸಲ ಆಯ್ತು. ಜನವರಿ ಬೆಳಿಗ್ಗೆ ಮಂಜು ಏಳೋ ಹೊತ್ತಿಗೆ ನೀರು ಹಲ್ಲು ಕಡಿಸುತ್ತೆ, ಸೂಟ್ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಮೀನಿನ ತೊಟ್ಟಿಗೆ ಹಾಕೋ ಥರ್ಮಾಮೀಟರ್ ದಾರಕ್ಕೆ ಕಟ್ಟಿ ಎರಡು ಅಡಿ ಇಳಿಸಿ ನೋಡಿ, ಮೇಲ್ಮೈ ನೀರಿನ ಲೆಕ್ಕ ಸರಿಬರಲ್ಲ.

ಆದರೆ ತಡ ಮಾಡಬೇಡಿ. ಫೆಬ್ರವರಿ ಬಂತು ಅಂದರೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಚ್ತೀವಿ, ಆಮೇಲೆ ಕೆರೇಲಿ ಈಜೋಕೆ ನೀರೆಲ್ಲಿ? ಬೇಸಿಗೆ ಮಳೆ ಸರಿಯಾಗಿ ಬರದಿದ್ದರೆ ಮತ್ತೆ ತುಂಬೋದು ಜೂನ್‌ಗೇ. ಮೋಟಾರ್ ಓಡ್ತಿರುವಾಗ ಯಾವ ಕಾರಣಕ್ಕೂ ನೀರಿಗೆ ಇಳಿಯಬಾರದು, ವೈರ್ ನೀರಿನ ಪಕ್ಕದಲ್ಲೇ ಎಳೆದಿರ್ತಾರೆ, ನೀರೆಳೆಯೋ ಪೈಪಿನ ಬಾಯಿ (ಫುಟ್‌ವಾಲ್ವ್) ಹತ್ತಿರ ಸೆಳೆತವೂ ಇರುತ್ತೆ. ಏರಿ ಪಕ್ಕ ಹೂಳು ಮೊಣಕಾಲವರೆಗೆ ಹೋಗುತ್ತೆ, ಇಳಿಯೋ ಜಾಗ ಮೊದಲೇ ಕೋಲು ಹಾಕಿ ನೋಡಿ. ಒಬ್ಬರೇ ಬೇಡ. ದಂಡೆ ಮೇಲೆ ಹಗ್ಗ, ಟ್ಯೂಬ್ ಹಿಡಿದು ಒಬ್ಬರು ನಿಂತಿರಲಿ, ಅವರಿಗೂ ಈಜು ಬರಬೇಕು. ಸೊಂಟಕ್ಕೆ ಕಟ್ಟೋ ಕಿತ್ತಳೆ ಬಣ್ಣದ ತೇಲುಬುರುಡೆ ಬರುತ್ತಲ್ಲ, ಅದನ್ನೂ ತಗೊಳ್ಳಿ, ವೆಟ್‌ಸೂಟ್ ಮುಂದೆ ಅದರ ಬೆಲೆ ಏನೇನೂ ಅಲ್ಲ.

ಸರಸ್ವತಿಪುರಂ ಲೇನ್ 4

ಕೊಳದಲ್ಲಿ ಹಾಕೋದಾದರೆ ಅಲ್ಲಿನವರ ಅನುಮತಿ ಕೇಳಿ, ಅದೂ ಸ್ವಲ್ಪ ಹೊತ್ತು ಮಾತ್ರ. ಬೆಚ್ಚನೆ ನೀರಲ್ಲಿ ವೆಟ್‌ಸೂಟ್ ಹಾಕಿ ಜೋರಾಗಿ ಈಜಿದರೆ ಮೈ ಕಾದು ತಲೆ ಸುತ್ತುತ್ತೆ. ಆಮೇಲೆ ಕ್ಲೋರಿನ್ ಹೋಗೋ ಹಾಗೆ ಒಳ್ಳೆ ನೀರಲ್ಲಿ ತೊಳೀಬೇಕು. ಬಿಚ್ಚೋದನ್ನ ಒದ್ದೆ ಮೈಯಲ್ಲೇ ಅಭ್ಯಾಸ ಮಾಡಿ. ನೀರಿಂದ ಎದ್ದು ಓಡುವಾಗಲೇ ಜಿಪ್ ಎಳೆದು ಸೊಂಟದವರೆಗೆ ಇಳಿಸಬೇಕು, ಸೈಕಲ್ ಹತ್ತಿರ ಬಂದ ಮೇಲೆ ಒಂದು ಕಾಲಿಂದ ಇನ್ನೊಂದನ್ನ ತುಳಿದು ಹೊರಗೆ ಬರೋದು.

ಹಳೇ ಸೆಂಟರ್ ಫಾರ್ವರ್ಡ್

ದಂಡೆ ಮೇಲೆ ನಿಲ್ಲೋಕೆ ಜನ ಬೇಕಾದರೆ ನಾನು ಬರ್ತೀನಿ. ಈಜು ಚೆನ್ನಾಗೇ ಬರುತ್ತೆ, ಅಂಗಿ ಇಲ್ಲದೆ.

ಪೊನ್ನಂಪೇಟೆ ಅಕ್ಕ

ಇನ್ನೊಂದು ಮಾತು, ಇದು ನಮ್ಮ ಕೊಡಗಿನವರಿಗೇ ವಿಶೇಷ. ಜನವರಿಯಲ್ಲಿ ಬಂದ ಸೂಟ್ ಜೂನ್, ಜುಲೈ ಮಳೆ ನೋಡಲೇಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಚಪ್ಪಲಿ, ಬೆಲ್ಟು, ಕೋಟು ಯಾವುದನ್ನ ಬಿಟ್ಟಿದೆ ಬೂಷ್ಟು? ವೆಟ್‌ಸೂಟ್ ಬೀರುವಿನಲ್ಲಿ ಮಡಿಚಿಟ್ಟರೆ ಹದಿನೈದು ದಿನದಲ್ಲಿ ಒಳಗಿನ ಬಟ್ಟೆ ಮೇಲೆ ಕಪ್ಪು ಚುಕ್ಕೆ ಏಳುತ್ತೆ, ವಾಸನೆ ಹೋಗೋದೇ ಇಲ್ಲ. ತೊಳೆದ ಮೇಲೆ ಒಳಗಿಂದ ಹೊರಗೆ ತಿರುಗಿಸಿ, ದಪ್ಪ ಹ್ಯಾಂಗರ್‌ಗೆ ಸೊಂಟದ ಹತ್ತಿರ ಮಡಿಸಿ ನೇತುಹಾಕು, ನೆರಳಲ್ಲಿ, ಫ್ಯಾನ್ ಕೆಳಗೆ. ಬಿಸಿಲಿಗೆ ಬೇಡ. ಬಟ್ಟೆ ಒಣಗಿಸಿದ ಹಾಗೆ ಒಲೆ ಮೇಲಿನ ಅಟ್ಟಕ್ಕೆ, ಹೀಟರ್ ಪಕ್ಕಕ್ಕೆ ಅಂತೂ ಹಾಕಲೇಬೇಡ, ರಬ್ಬರ್ ಗಟ್ಟಿಯಾಗಿ ಬಿರಿಯುತ್ತೆ. ಅಮ್ಮನಿಗೂ ಹೇಳಿಡು, ನೀನಿಲ್ಲದಾಗ ಒಳ್ಳೇದಕ್ಕೇ ಅಂತ ಎತ್ತಿ ಅಟ್ಟಕ್ಕೆ ಹಾಕಿರ್ತಾರೆ.

ಉಗುರು ತಾಗಿ ಅರ್ಧಚಂದ್ರದ ಥರ ಸೀಳು ಬಿದ್ದರೆ ಸೂಜಿ ದಾರ ತಗೋಬೇಡ. ನಿಯೋಪ್ರೀನ್ ಅಂಟು ಅಂತಲೇ ಟ್ಯೂಬ್ ಬರುತ್ತೆ. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಆರೋಕೆ ಬಿಟ್ಟು, ಆಮೇಲೆ ಒತ್ತಿ ಹಿಡಿ. ಸೂಟ್ ಜೊತೆಗೇ ಅಕ್ಕನಿಂದ ಅದನ್ನೂ ತರಿಸು.

ಸಿದ್ದಾಪುರದ ರೊಬಸ್ಟಾ

ಮಳೆಗಾಲದಲ್ಲಿ ಕೆರೆಗೆ ಹೋದರೆ ಇನ್ನೊಂದು ಲಾಭ ಇದೆ, ಜಿಗಣೆ ಕಚ್ಚೋಕೆ ಜಾಗ ಹುಡುಕಬೇಕು.

ಗೋಣಿಕೊಪ್ಪದ ಓಟಗಾರ್ತಿ

ಅಕ್ಕನ ಜೊತೆ ಮಾತಾಡಿದೆ. ಟ್ರೈಸೂಟ್, ಗಾಗಲ್ ಇಲ್ಲೇ ತಗೋತೀನಿ, ಅದಕ್ಕೆ 6,000 ಎತ್ತಿಟ್ಟಿದ್ದೀನಿ. ವೆಟ್‌ಸೂಟ್‌ಗೆ 12,000. ಅಷ್ಟರಲ್ಲಿ ಹೆಂಗಸರ ತೋಳಿಲ್ಲದ ಸೂಟ್ ಒಂದು, ಹೋದ ವರ್ಷದ ಮಾಡೆಲ್, ಅವಳ ಮನೆ ಹತ್ತಿರದ ಅಂಗಡೀಲಿದೆಯಂತೆ. ನಮ್ಮಿಬ್ಬರ ಮೈಕಟ್ಟು ಹೆಚ್ಚುಕಮ್ಮಿ ಒಂದೇ, ಅವಳೇ ಹಾಕಿ ನೋಡ್ತಾಳೆ. ಪೊನ್ನಂಪೇಟೆ ಅಕ್ಕ ಹೇಳಿದ ಹಾಗೆ ಪಕ್ಕಕ್ಕೆ ತಿರುಗಿ ಬೆನ್ನಿನ ಫೋಟೋ ಕಳಿಸು ಅಂದಿದ್ದೀನಿ. ಎಸ್ ಮತ್ತೆ ಎಂ ಎರಡನ್ನೂ ಹಾಕಿ ನೋಡ್ತಾಳೆ.

ಪೊನ್ನಂಪೇಟೆ ಅಕ್ಕ

ಅವಳಿಗೆ ಹೇಳು, ಅಂಗಡೀಲಿ ಐದು ನಿಮಿಷ ಹಾಕ್ಕೊಂಡೇ ಇದ್ದು ಕೈ ಬೀಸಲಿ. ಹಾಕಿದ ಕೂಡಲೇ ಎಲ್ಲ ಸೂಟೂ ಬಿಗಿ ಅನ್ನಿಸುತ್ತೆ. ಆಗ ದೊಡ್ಡದು ಕೊಡಿ ಅಂದುಬಿಟ್ಟರೆ ಕೆಲಸ ಕೆಟ್ಟಿತು. ತೋಳಿಲ್ಲದ್ದು ಆದ್ದರಿಂದ ಕಂಕುಳ ಅಂಚಿನಲ್ಲಿ ಬೆರಳು ತೂರಿಸಿ ನೋಡಲಿ, ಸಲೀಸಾಗಿ ಹೋದರೆ ಸಡಿಲ ಅಂತ ಲೆಕ್ಕ.

ನಾಪೋಕ್ಲು ಪೆಡಲ್

ಹ್ಯಾಂಬರ್ಗ್ ಮುಗಿಸಿ ಬಂದ ಮೇಲೆ ಮಾರೋ ಯೋಚನೆ ಇದ್ದರೆ ನನ್ನ ತಂಗಿಗೆ ಬೇಕು, ಅವಳದೂ ಅದೇ ಎತ್ತರ. ಮೊದಲೇ ಹೇಳಿಟ್ಟಿದ್ದೀನಿ, ಬೇರೆ ಯಾರೂ ಅಡ್ಡ ಬರಬೇಡಿ.